ಮಗುವಿನ ತಾಯಿ ಎಲ್ಲಿ

ಟೋಪಿ ಹಾಕಿದ್ದು ತಪ್ಪಂತೆ. ಮಗುವಿನ ತಲೆ ಬೆವರುತ್ತದೆ, ತೆಗೀರಿ, ಎಂದ ಬಸ್ ಸ್ಟಾಪಿನ ಮುದುಕ. ಇವಳು ತೆಗೆದಳು. ಬಸ್ಸು ಎರಡು ಸ್ಟಾಪು ದಾಟುವುದರೊಳಗೆ ಹಿಂದಿನ ಸೀಟಿನ ಹೆಂಗಸು ಭುಜ ತಟ್ಟಿ, ಇಷ್ಟು ಗಾಳಿಯಲ್ಲಿ ಬರೀ ತಲೆಯೇ, ಅಂದಳು. ಹಾಕಿದಳು. ಔಷಧಿ ಅಂಗಡಿಯವಳು ಔಷಧಿಯ ಜೊತೆ ಬುದ್ಧಿಮಾತನ್ನೂ ಕಟ್ಟಿಕೊಟ್ಟಳು: ಬೆರಳು ಚೀಪಲು ಬಿಡಬೇಡಿ.

ಊರಲ್ಲಿ ಹನ್ನೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು ಇವಳು. ಅತ್ತೆಯ ಕಾಟ ತಪ್ಪಿತು ಎಂದು ವಿಮಾನ ಹತ್ತಿದರೆ, ಈ ಪರದೇಶದಲ್ಲಿ ದಾರಿಹೋಕರೆಲ್ಲ ಅತ್ತೆಯರೇ ಆಗಿಬಿಟ್ಟಿದ್ದರು. ಸಿಟ್ಟು ಬರಬೇಕಿತ್ತು. ಬರುತ್ತಿದ್ದದ್ದು ಅಳುಕು. ಹೆತ್ತ ದಿನದಿಂದ ಉಕ್ಕಬೇಕಾದ ಮಮತೆ ಇವಳೊಳಗೆ ಉಕ್ಕಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಅದು ಈ ಅಪರಿಚಿತರಿಗೆಲ್ಲ ಹೇಗೋ ಗೊತ್ತಾಗಿದೆ ಎಂದೇ ಇವಳ ಗುಮಾನಿ.

ಪಾರ್ಕಿನ ಬೆಂಚಿನಲ್ಲಿ ಕೂತು ಮಗುವಿನ ಬಾಯಿಗೆ ಬಾಟಲಿಯಿಟ್ಟಳು. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ನೋಡಿದಳು. ಶುರುವಾಯಿತು, ಅಂದುಕೊಂಡಳು ಇವಳು.

"ಬಾಟಲಿ ಹಾಲಾ?"

"ಹೂಂ."

"ತಾಯಿ ಎಲ್ಲಿ?"

ಈ ದೇಶದಲ್ಲಿ ಇವಳ ಮೈಬಣ್ಣದ ಹೆಂಗಸರು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬರುವುದೇ ಹೆಚ್ಚು. ಮಗುವೋ ಅಪ್ಪನ ಹಾಗೆ ಬೆಳ್ಳಗೆ. ನಾನೇ ತಾಯಿ ಅನ್ನಲು ಒಂದು ಉಸಿರು ಸಾಕಿತ್ತು. ಅಂದುಬಿಟ್ಟರೆ ಇನ್ನರ್ಧ ಗಂಟೆ ಪಾಠ.

"ಆಫೀಸಿಗೆ ಹೋಗಿದಾರೆ," ಅಂದಳು.

ಅಜ್ಜಿಯ ಮುಖ ಮೆತ್ತಗಾಯಿತು. "ಪಾಪ, ನೀನೇನು ಮಾಡ್ತೀಯ. ಎಷ್ಟು ಚೆನ್ನಾಗಿ ಎತ್ಕೊಂಡಿದೀಯ ನೋಡು. ಹೆತ್ತವಳಿಗೂ ಇಷ್ಟು ಕಾಳಜಿ ಇರುತ್ತೋ ಇಲ್ಲವೋ."

ಹೆತ್ತ ಮೇಲಿನ ಏಳು ತಿಂಗಳಲ್ಲಿ ಇವಳ ಕಿವಿಗೆ ಬಿದ್ದ ಮೊದಲ ಹೊಗಳಿಕೆ. ಕಣ್ಣು ತುಂಬಿ ಬಂತು. ನಾಚಿಕೆಗೆಟ್ಟವಳೇ ಎಂದು ತನ್ನನ್ನೇ ಬೈದುಕೊಂಡರೂ ನಾಲಿಗೆ ನಿಲ್ಲಲಿಲ್ಲ.

"ಅವರಿಗೆ ಮಗು ಅಂದ್ರೆ ಅಷ್ಟಕ್ಕಷ್ಟೇ."

"ಹೌದಾ?"

"ಅತ್ತರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ನಲ್ಲಿ ಬಿಡ್ತಾರೆ. ಕೇಳಿಸಬಾರದು ಅಂತ."

ಎದೆ ಹಗುರಾಯಿತು. ಚಾಡಿ ಹೇಳಿದ್ದು ತನ್ನ ಮೇಲೇ ಎಂಬುದು ಹೊಳೆಯುವ ಹೊತ್ತಿಗೆ ಅಜ್ಜಿ ಲೊಚಗುಟ್ಟಿಯಾಗಿತ್ತು.

"ಅಂಥವಳ ಕೈಗೆ ಇದನ್ನ ಕೊಟ್ಟು ಸಂಜೆ ಹೇಗೆ ಹೋಗ್ತೀಯಮ್ಮಾ?"

ಇವಳು ಬಾಟಲಿಯ ಮುಚ್ಚಳ ತಿರುಗಿಸುತ್ತ, "ತಡವಾಯ್ತು," ಎಂದು ಎದ್ದಳು. ಮಗು ಇವಳ ಕೋಟಿನ ಕಾಲರ್ ಹಿಡಿದು ಮುಖವನ್ನೇ ನೋಡುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದೆ ಅನ್ನಿಸಿತು. ದಾರಿಯುದ್ದಕ್ಕೂ ಅದರ ಕಣ್ಣು ತಪ್ಪಿಸಿಕೊಂಡೇ ನಡೆದಳು.

ನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದಳು. ಗಂಡ ಬರಲು ಇನ್ನೂ ಮೂರು ಗಂಟೆ. ಮನೆಯಲ್ಲಿ ಯಾರೂ ಇಲ್ಲ. ಬೀಗದ ಕೈ ಜೇಬಿನಲ್ಲೇ ಇತ್ತು. ಬೆರಳಿಗೆ ತಣ್ಣಗೆ ತಾಕಿತು.

ಇವಳು ಬೆಲ್ ಒತ್ತಿದಳು.

ಒಳಗೆ ಸದ್ದು ಕೋಣೆಯಿಂದ ಕೋಣೆಗೆ ಹೋಗಿ ನಿಂತಿತು. ಮತ್ತೊಮ್ಮೆ ಒತ್ತಿದಳು. ಆಮೇಲೆ ಮಗುವನ್ನು ಎದೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು, ಬಾಗಿಲು ತೆರೆದು ಅದನ್ನು ತೆಗೆದುಕೊಳ್ಳುವವಳಿಗಾಗಿ ಕಾಯುತ್ತ ನಿಂತಳು.