ಒಂದು ಹನಿಯಲ್ಲಿ ಎರಡು ಗುಳಿಗೆ

ನಾನು ರಕ್ತದ ಸಕ್ಕರೆ ಅಳೆಯುವ ಒಂದು ಪುಟ್ಟ ಯಂತ್ರ. ಧೂಳು ಸುಳಿಯದ ಕಾರ್ಖಾನೆಯಲ್ಲಿ, ಮುಖ ಮುಚ್ಚಿಕೊಂಡ ಹೆಂಗಸರ ಕೈಯಲ್ಲಿ ಹುಟ್ಟಿದೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಒಂದು ಹನಿ ರಕ್ತ ಕೊಟ್ಟರೆ ಅದರಲ್ಲಿ ಸಕ್ಕರೆ ಎಷ್ಟಿದೆಯೆಂದು ಹೇಳುತ್ತೇನೆ.

ಗದಗಿನ ಔಷಧದ ಅಂಗಡಿಯಿಂದ ನನ್ನನ್ನು ತಂದವಳು ಶಿವಗಂಗಾ. ಅವಳ ಅತ್ತೆ ಬಸಲಿಂಗವ್ವ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಎಷ್ಟೋ ವರ್ಷಗಳಿಂದ ನುಂಗಿ ನುಂಗಿ, ಅದೊಂದು ಔಷಧವೆಂಬುದೇ ಅವಳಿಗೆ ಮರೆತುಹೋಗಿತ್ತು.

ಒಮ್ಮೆ ಅವಳ ಕಾಲು ಊದಿಕೊಂಡಿತು. ಒಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟರು. ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಅಲ್ಲಿ ಕೇಳಿದರಂತೆ. ಏನೂ ಇಲ್ಲ ಎಂದಳಂತೆ ಬಸಲಿಂಗವ್ವ. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಕಾಲಿನ ಊತ ಇಳಿಯಿತು. ಅವಳು ಮತ್ತೆ ಒಲೆಯ ಮುಂದೆ ಕೂತಳು. ಕೆಲವು ದಿನ ಕಳೆದ ಮೇಲೆ, ಮಧ್ಯಾಹ್ನದ ಗದ್ದಲದಲ್ಲಿ, ಊಟಕ್ಕೆ ಕೂತಿದ್ದ ಹಳೆಯ ಗಿರಾಕಿಯೊಬ್ಬರ ತಾಟನ್ನು ಕಿತ್ತುಕೊಂಡು ಎದ್ದು ಹೋಗೆಂದು ಬೈದಳು. ಹಣೆಯ ಮೇಲೆ ಬೆವರು, ಕೈಯಲ್ಲಿ ನಡುಕ. ಒಲೆಯ ಝಳ ತಲೆಗೇರಿದೆ, ಸ್ವಲ್ಪ ಮಲಗಿಸಿರಿ ಎಂದರು ಮಂದಿ.

ಅತ್ತೆ ಸೊಸೆಗೆ ದಿನವೂ ಜಗಳವಿತ್ತು. ಆದರೂ ಶಿವಗಂಗಾ ನನ್ನನ್ನು ಹಿಡಿದು ಓಡಿಬಂದಳು.

"ಊಟಕ್ಕ ಕುಂತವ್ರಿಗೆ ಅತ್ತಿ ಎಂದೂ ಏಳು ಅಂದವ್ರಲ್ಲ. ಇದು ಸಿಟ್ಟಲ್ಲ, ಬ್ಯಾರೆ ಏನೋ ಐತಿ. ಬೆರಳ ಕೊಡ್ರಿ ಅತ್ತಿ."

ಸೂಜಿ ಚುಚ್ಚಿದ ಬೆರಳಿನಿಂದ ಹನಿ ನನ್ನನ್ನು ತಲುಪಿತು. ನಾನು ನಲವತ್ತೆರಡು ಎಂದು ತೋರಿಸಿದೆ. ಅಷ್ಟು ಕಡಿಮೆ ಅಂಕಿಯನ್ನು ನಾನು ಅದುವರೆಗೆ ಹೇಳಿರಲಿಲ್ಲ. ಬಸಲಿಂಗವ್ವನಿಗೆ ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಶಿವಗಂಗಾ ಸಕ್ಕರೆ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ನಿಧಾನವಾಗಿ ಅತ್ತೆಯ ಕಣ್ಣಿಗೆ ಗುರುತು ಮರಳಿತು. ಸೂಜಿಮೊನೆಯಷ್ಟಿದ್ದ ಗಾಯದಿಂದ ಮಾತ್ರ ರಕ್ತ ಇನ್ನೂ ಜಿನುಗುತ್ತಲೇ ಇತ್ತು. ಒತ್ತಿ ಹಿಡಿದ ಅರಳೆ ಕೆಂಪಾಗಿತ್ತು.

ಹತ್ತಿರದ ಡಾಕ್ಟರ್ ಬೆಂಡಿಗೇರಿಯವರ ಮೇಜಿನ ಮೇಲೆ ಶಿವಗಂಗಾ ನನ್ನನ್ನೂ ಎರಡು ಬಗೆಯ ಗುಳಿಗೆಗಳನ್ನೂ ಇಟ್ಟಳು. ಅವರು ಎರಡನ್ನೂ ಜೋಡಿಸಿ ಹಿಡಿದು ನೋಡಿದರು.

"ಎರಡೂ ಬೇಕಾದ ಗುಳಿಗಿನ. ಆದ್ರ ಮೈಯಾಗ ಕೂಡಿದಾಗ ಒಂದರ ಜೋರನ್ನ ಇನ್ನೊಂದು ಹೆಚ್ಚು ಮಾಡಬಹುದು. ಯಾವ ಡಾಕ್ಟರ್ ಕಡೆ ಹೋದ್ರೂ ಎರಡನ್ನೂ ತೋರಸ್ರಿ. ನಿಮ್ಮಷ್ಟಕ್ಕ ನೀವ ಯಾವ್ದನ್ನೂ ಬಿಡಬ್ಯಾಡ್ರಿ."

ರಕ್ತ ಎಷ್ಟು ತೆಳುವಾಗಿದೆಯೆಂದು ಪರೀಕ್ಷೆ ಮಾಡಿಸಿದರು. ಸಕ್ಕರೆಯ ಗುಳಿಗೆಯನ್ನು ಬದಲಿಸಿ, ಕೆಲವು ಕಾಲ ಮೇಲಿಂದ ಮೇಲೆ ನನ್ನನ್ನು ಕೇಳಲು ಹೇಳಿದರು. ಅಂಕಿಗಳು ಮೆಲ್ಲಗೆ ಹದಕ್ಕೆ ಬಂದವು. ಬಸಲಿಂಗವ್ವ ಆ ಗಿರಾಕಿಯನ್ನು ಕರೆಸಿ, ತಾನೇ ಮುಂದೆ ಕೂತು ಬಡಿಸಿದಳು.

ಈಗ ನಾನು ಹಳಬ. ರಕ್ತದ ಹನಿ ಹೀರುವ ನನ್ನ ಅಳತೆಯ ಪಟ್ಟಿಗಳು ಅಂಗಡಿಗೆ ಬರುವುದಿಲ್ಲ. ಹೊಸ ಯಂತ್ರ ಬಂದಿದೆ. ನಾನು ಕಿಟಕಿಯ ಮೂಲೆಯಲ್ಲಿದ್ದೇನೆ. ಒಂದೊಂದೇ ಹನಿ ಕಂಡವನು ನಾನು, ಹೊಳೆಯನ್ನು ಕಂಡಿಲ್ಲ. ಬಸಲಿಂಗವ್ವನೊಳಗೆ ರಕ್ತ ಗಟ್ಟಿಯಾಗದೆ, ತೀರ ತೆಳುವೂ ಆಗದೆ, ಸಕ್ಕರೆ ಏರದೆ, ಇಳಿಯದೆ ಸಾಗಬೇಕು. ಅಷ್ಟೆಲ್ಲವನ್ನೂ ಒಳಗೆ ಹೊತ್ತುಕೊಂಡು ಅವಳು ಪಂಕ್ತಿಯ ನಡುವೆ ಓಡಾಡುತ್ತಾಳೆ, ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳುತ್ತ. ನಾನು ಬೆರಗಾಗಿ ನೋಡುತ್ತೇನೆ.