ಮಗ್ಗದವರು ಮೊದಲು

ಬುಟ್ಟಿಯಲ್ಲಿ ಇನ್ನೂ ಅರ್ಧ ನೂಲು ಉಳಿದಿತ್ತು. ವೈಶಾಲಿ ಬಲಗೈಯಲ್ಲಿ ರಾಟಿ ತಿರುಗಿಸುತ್ತ, ಎಡಗೈಯ ಬೆರಳುಗಳ ನಡುವೆ ಎಳೆ ಹಿಡಿದು ಕಂಡಿಕಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಈ ಪುಟ್ಟ ಕಂಡಿಕಿಗಳು ತಯಾರಿಲ್ಲದಿದ್ದರೆ ಒಳಗಿನ ಕೋಣೆಯಲ್ಲಿ ಗಂಡ ಶಂಕರೆಪ್ಪನ ಮಗ್ಗ ನಿಂತುಬಿಡುತ್ತದೆ. ಅತ್ತೆ ಗುರುಬಾಯಿಗೆ ಮೊಣಕಾಲು ನೋವು ಬಂದಾಗಿನಿಂದ ಈ ಕೆಲಸವೂ ಅವಳದೇ. ಆಮೇಲೆ ಎದ್ದು ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ ಉಡಬೇಕು. ಇವತ್ತು ಮಕ್ಕಳಿಗೆ ಚುಚ್ಚುಮದ್ದು ಹಾಕುವ ಗುರುವಾರ.

ಚುಚ್ಚುಮದ್ದು ನಡೆಯುವುದು ಬನಹಟ್ಟಿಯ ನೇಕಾರ ಸಮಾಜದ ಭವನದಲ್ಲಿ. ಅಲ್ಲಿ ಫ್ಯಾನಿದೆ, ಜಮಖಾನೆ ಇದೆ. ಭವನ ನೋಡಿಕೊಳ್ಳುವ ಅಂದಾನೆಪ್ಪ ಕಾಕಾ ಸಿಸ್ಟರಿಗೆ ಚಹಾನೂ ತರಿಸುತ್ತಾರೆ. ಯಾರು ಮೊದಲು, ಯಾರು ಆಮೇಲೆ ಅನ್ನುವುದನ್ನು ವೈಶಾಲಿಯೇ ಹೊಂದಿಸಿದ್ದಳು. ನೇಕಾರರ ಓಣಿಯ ಹೆಂಗಸರು ರಾಟಿ ಬಿಟ್ಟು ಬಂದಿರುತ್ತಾರೆ, ಮನೆಯಲ್ಲಿ ಮಗ್ಗ ಕಾಯುತ್ತಿರುತ್ತದೆ, ಆದ್ದರಿಂದ ಅವರು ಮೊದಲು. ಕಸಬರಿಗೆ ಕಟ್ಟಿ ಮಾರುವ ಅಲೆಮಾರಿ ಜನರ ಓಣಿಯವರು ಕೊನೆಗೆ. ತಮ್ಮ ಪಾಳಿ ಬರುವತನಕ ಅವರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಮೆಟ್ಟಿಲ ಕೆಳಗೆ, ಬೇವಿನ ಗಿಡದ ನೆರಳಲ್ಲಿ ಕೂತಿರುತ್ತಾರೆ. ಮೇಲೆ ಬರಬೇಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಬನ್ನಿ ಎಂದೂ ಯಾರೂ ಹೇಳಿಲ್ಲ.

ಹೋದ ವಾರ ಜಮಖಂಡಿಯಲ್ಲಿ ಆಶಾ ಕಾರ್ಯಕರ್ತೆಯರ ಮೀಟಿಂಗ್ ಇತ್ತು. ಸರಕಾರದ ಸೇವೆ ಎಲ್ಲ ಜನಾಂಗಕ್ಕೂ ಒಂದೇ ಸಮ ಮುಟ್ಟಬೇಕು, ಅಲೆಮಾರಿ ಸಮುದಾಯಗಳನ್ನು ಬಿಡಬಾರದು ಎಂದು ಸಾಹೇಬರು ಬಹಳ ಹೊತ್ತು ಓದಿ ಹೇಳಿದರು. ಕೊನೆಗೆ, ನಿಮ್ಮ ಕಡೆ ಯಾರಿಗಾದರೂ ಭೇದಭಾವ ಆಗುತ್ತಿದೆಯೇ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ವೈಶಾಲಿ. "ಇಲ್ರೀ ಸರ್. ನಮ್ಮಲ್ಲಿ ಎಲ್ಲಾರಿಗೂ ಒಂದ ಔಷಧ, ಒಂದ ಜಾಗಾ," ಎಂದಿದ್ದಳು. ಹಾಗೆಂದೇ ನಂಬಿದ್ದಳು ಕೂಡ.

ಇವತ್ತು ಭವನ ತುಂಬಿತ್ತು. ದಡಾರದ ಚುಚ್ಚುಮದ್ದಿನ ಬಾಟಲಿ ತೆರೆದ ಮೇಲೆ ನಾಲ್ಕು ತಾಸು ಮಾತ್ರ ನಡೆಯುತ್ತದೆ; ಉಳಿದದ್ದನ್ನು ಚೆಲ್ಲಬೇಕು. ಸಿಸ್ಟರ್ ಅಕ್ಷತಾ ಬೆಳಿಗ್ಗೆಯೇ ತೆರೆದಿದ್ದರು. ನೇಕಾರರ ಓಣಿಯವರು ತಡವಾಗಿ ಬಂದರು, ಬಂದವರು ಹರಟೆ ಹೊಡೆದರು. ಬೇವಿನ ಗಿಡದ ಕೆಳಗಿನವರನ್ನು ವೈಶಾಲಿ ಕೂಗಿದಾಗ ಅಕ್ಷತಾ ಗಡಿಯಾರ ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದರು. ಇಬ್ಬರು ಮೂವರಿಗಾಗಿ ಹೊಸ ಬಾಟಲಿ ತೆರೆದರೆ ಮೇಲಿನವರು ಲೆಕ್ಕ ಕೇಳುತ್ತಾರೆ, ಮುಂದಿನ ತಿಂಗಳು ನೋಡೋಣ ಎಂದರು.

ಕಸಬರಿಗೆಯವರ ಓಣಿಯ ಹುಲಗವ್ವ ಮೆಟ್ಟಿಲ ತನಕ ಬಂದು ಅಲ್ಲೇ ನಿಂತಿದ್ದಳು. ಸೊಂಟದ ಮೇಲೆ ಒಂಬತ್ತು ತಿಂಗಳು ದಾಟಿದ ಹೆಣ್ಣುಕೂಸು. ಎರಡು ಗುಡಿಸಲಾಚೆಯ ಮಗುವಿಗೆ ಆಗಲೇ ದಡಾರ ಎದ್ದಿತ್ತು. ಅದು ವೈಶಾಲಿಗೂ ಗೊತ್ತು, ಸಿಸ್ಟರಿಗೂ ಗೊತ್ತು.

"ಹೋದ ಸಲಾನೂ ಹಿಂಗ ಆತ್ರಿ ಅಕ್ಕಾರ," ಎಂದಳು ಹುಲಗವ್ವ. ಸಿಟ್ಟಿರಲಿಲ್ಲ. ಬಸ್ಸು ತಪ್ಪಿದ್ದನ್ನು ಹೇಳುವ ದನಿ. "ನಿಮ್ಮ ಮಗ್ಗ ನಿಲ್ಲತಾವ ಅಂತೀರಿ. ಖರೆ ಐತ್ರಿ. ನಾನೂ ಮುಧೋಳ ಸಂತಿ ಬಿಟ್ಟ ಬಂದೇನ್ರಿ. ಕಸಬರಿಗಿ ತಾವಾಗೇ ನಡಕೋತ ಹೋಗಾಂಗಿಲ್ಲಲ್ರಿ?"

ಅವಳ ಹಿಂದೆ ಕೂತಿದ್ದ ಹೆಂಗಸು ನಕ್ಕಳು. ವೈಶಾಲಿಗೂ ನಗು ಬರಬೇಕಿತ್ತು. ಬರಲಿಲ್ಲ.

ಅವಳು ಅಕ್ಷತಾರನ್ನು ಪಕ್ಕಕ್ಕೆ ಕರೆದು ಬೇಡಿಕೊಂಡಳು. ಮುಂದಿನ ಗುರುವಾರವೇ ಬನ್ನಿ, ಬಾಟಲಿಗೆ ಸಾಕಾಗುವಷ್ಟು ಮಕ್ಕಳನ್ನು ನಾನು ಕೂಡಿಸುತ್ತೇನೆ, ನಮ್ಮ ಓಣಿಯಲ್ಲೂ ತಪ್ಪಿಸಿಕೊಂಡವರಿದ್ದಾರೆ ಎಂದಳು. ಅಕ್ಷತಾ ಕೊನೆಗೆ ಒಪ್ಪಿದರು. ಅಂದಾನೆಪ್ಪ ಮಾತ್ರ ಜಮಖಾನೆ ಮಡಚುತ್ತಲೇ, ಆ ದಿನ ಭವನ ಖಾಲಿ ಇಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, "ಹೆಂಗೂ ಆ ಓಣ್ಯಾವ್ರ ಹೆಚ್ಚು ಬರೂದು. ಗಿಡದ ಕೆಳಗ ಮಾಡಿ ಮುಗಸವ್ವಾ. ಅವರಿಗೆ ರೂಢಿ ಐತಿ," ಎಂದರು. ಕೆಟ್ಟ ಮನುಷ್ಯನಲ್ಲ. ವೈಶಾಲಿಯ ಮದುವೆಯಲ್ಲಿ ನಿಂತು ಊಟ ಬಡಿಸಿದವರು.

ರೂಢಿ. ಮನೆಗೆ ನಡೆಯುವಾಗ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಜೊತೆಗೇ ಬಂತು. ರೂಢಿ ಮಾಡಿಸಿದವರು ಯಾರು? ಪ್ರತಿ ತಿಂಗಳು ಮೆಟ್ಟಿಲ ಮೇಲೆ ನಿಂತು, 'ನೀವು ಕುಂದರ್ರಿ, ಕರೀತೇನಿ' ಎನ್ನುತ್ತಿದ್ದ ದನಿ ಅವಳದೇ. ಅವಳು ಜಾತಿ ನೋಡಿರಲಿಲ್ಲ. ಮಗ್ಗವನ್ನಷ್ಟೇ ನೋಡಿದ್ದಳು. ಇಷ್ಟು ದಣಿದವಳಿಗೆ ಎರಡನ್ನೂ ಬೇರೆ ಮಾಡಿ ನೋಡಲು ಪುರುಸೊತ್ತಾದರೂ ಎಲ್ಲಿತ್ತು?

ಸಂಜೆ ಮತ್ತೆ ರಾಟಿಯ ಮುಂದೆ ಕೂತಳು. ಭುಜ ನೋಯುತ್ತಿತ್ತು. ಗುರುಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಸುದ್ದಿ ಅವಳ ತನಕ ಆಗಲೇ ಮುಟ್ಟಿತ್ತು.

"ಮುಂದಿನ ವಾರ ಗಿಡದ ಕೆಳಗಂತಲ್ಲ? ಛಲೋ ಆತ ಬಿಡ," ಎಂದಳು. "ಇಲ್ಲಂದ್ರ ನೀ ಎಲ್ಲಾರ್ನೂ ನಮ್ಮ ಮನಿಗೇ ಕರಕೊಂಡ ಬರಾಕಿ. ನಿನ್ನ ಗುಣ ನನಗ ಗೊತ್ತಿಲ್ಲೇನ?"

ಅತ್ತೆ ಅದನ್ನು ತಮಾಷೆಗೆ ಹೇಳಿದ್ದಳು. ಹೇಳಿ ತಾನೇ ನಕ್ಕಳು ಕೂಡ. ವೈಶಾಲಿಯ ಕೈ ಮಾತ್ರ ಒಂದು ಗಳಿಗೆ ನಿಂತಿತು. ಎಳೆ ಸಡಿಲವಾಯಿತು. ಅವಳು ಪಡಸಾಲೆಯತ್ತ ಕಣ್ಣು ಹಾಯಿಸಿದಳು. ಬಾಗಿಲಿಗೆ ಎರಡೇ ಮೆಟ್ಟಿಲು. ಗೋಡೆಗೆ ಒತ್ತಿ ಇಟ್ಟ ನೂಲಿನ ಗಂಟುಗಳನ್ನು ಸರಿಸಿದರೆ ಹತ್ತಾರು ತಾಯಂದಿರು ಕೂರಬಹುದು. ಕಿಟಕಿಯ ಹತ್ತಿರ ಸಿಸ್ಟರಿಗೆ ಒಂದು ಕುರ್ಚಿ. ಆ ಗುರುವಾರ ಅತ್ತೆ ಒಂದು ದಿನವೆಲ್ಲ ಮಾತು ಬಿಡಬಹುದು. ಓಣಿ ಇನ್ನೂ ಹೆಚ್ಚು ದಿನ ಮಾತಾಡಬಹುದು. ಗಂಡನ ಮಗ್ಗ ಒಂದು ಹೊತ್ತು ನಿಲ್ಲಬಹುದು.

ನಿಲ್ಲಲಿ.

"ಯಾಕ ಬೇ, ರಾಟಿ ನಿಲ್ಲಿಸಿದಿ?" ಎಂದಳು ಗುರುಬಾಯಿ.

"ಎಳಿ ಹರದಿತ್ರಿ ಅತ್ತಿ," ಎಂದು ವೈಶಾಲಿ ಮತ್ತೆ ರಾಟಿ ತಿರುಗಿಸಿದಳು. ಎಳೆ ಹರಿದಿರಲಿಲ್ಲ. ಮುಂದಿನ ಗುರುವಾರ ಯಾರನ್ನು ಮೊದಲು ಒಳಗೆ ಕರೆಯಬೇಕು ಎಂಬುದು ಅವಳ ಮನಸ್ಸಿನಲ್ಲಿ ಆಗಲೇ ಗಟ್ಟಿಯಾಗಿತ್ತು. ಬುಟ್ಟಿಯ ನೂಲು ಮುಗಿದ ಮೇಲೆ ಎದ್ದು, ಗೋಡೆಯ ಪಕ್ಕದ ಮೊದಲ ಗಂಟನ್ನು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. ಯಾಕೆಂದು ಗುರುಬಾಯಿ ಕೇಳಿದ್ದಕ್ಕೆ, ಕಸ ಗುಡಿಸುವುದಿದೆ ಎಂದಳು.