ನಾಲ್ಕನೇ ಪ್ಯಾರಾ

ನೆರೆಮನೆಯ ಇಂದು ಪತ್ರಿಕೆಯ ಐದು ಪ್ರತಿ ಹಿಡಿದು ರಂಜನಿಯ ಅಪಾರ್ಟ್‌ಮೆಂಟಿಗೆ ಬಂದದ್ದು ಗುರುವಾರ ಮಧ್ಯಾಹ್ನ ಮೂರೂವರೆಗೆ. ಆರನೇ ಪುಟದಲ್ಲಿ ಇಂದುವಿನ ಎಂಟು ವರ್ಷದ ಮಗ ಕುಶಲ್‌ನ ಫೋಟೊ ಇತ್ತು. ಹೆರನ್‌ಫೀಲ್ಡ್ ಶಾಲೆಯ ಇಪ್ಪತ್ತೆರಡು ಮಕ್ಕಳು ನೀಲಿ ಬಲೂನು ಹಿಡಿದು ನಗುತ್ತಿದ್ದರು.

"ರಂಜನಿ ಅಕ್ಕಾ, ನೋಡಿ! ಫ್ರಂಟ್ ರೋ, ಎಡಗಡೆಯಿಂದ ಮೂರನೇವ್ನು. ಮೈಸೂರಲ್ಲಿ ಅಮ್ಮ ಆಗ್ಲೇ ಇಡೀ ಬೀದಿಗೆ ತೋರಿಸಿ ಆಯ್ತು. ಇದನ್ನ ಎಲ್ಲಿ ಲ್ಯಾಮಿನೇಟ್ ಮಾಡಿಸ್ಲಿ?"

ಅಮೆರಿಕದ ಆ ಊರಿನಲ್ಲಿ ವಾರಕ್ಕೊಮ್ಮೆ ಬರುವ ಸ್ಥಳೀಯ ಪತ್ರಿಕೆಯಲ್ಲಿ ರಂಜನಿ ಹದಿಮೂರು ವರ್ಷ ಶಿಕ್ಷಣ ವರದಿಗಾರ್ತಿಯಾಗಿದ್ದಳು. ಊರಿನ ಶಾಲೆಗಳನ್ನು ನಡೆಸುವ ಶಾಲಾ ಮಂಡಳಿಯ ಸಭೆಗಳಲ್ಲಿ ಕೊನೆಯವರೆಗೂ ಕೂತು, ಕಡತ ಓದಿ ಬರೆಯುತ್ತಿದ್ದಳು. ಎರಡು ವರ್ಷದ ಹಿಂದೆ ಸಂಪಾದಕ, ಓದುಗರಿಗೆ ಸಂತೋಷದ ಸುದ್ದಿ ಬೇಕೆಂದು ಹೇಳಿ ಆ ಹುದ್ದೆಯನ್ನೇ ತೆಗೆದ. ಅವಳು ಬರೆಯುತ್ತಿದ್ದ ಆರನೇ ಪುಟದ ಹೆಸರೀಗ 'ಲಿಟಲ್ ಸ್ಟಾರ್ಸ್'. ಮಂಡಳಿ ಕಳಿಸಿದ್ದನ್ನು ಅಲ್ಪವಿರಾಮವನ್ನೂ ಮುಟ್ಟದೆ ಅಚ್ಚು ಹಾಕುತ್ತಾರೆ. ಹುದ್ದೆ ಹೋದಾಗ ಒಬ್ಬ ಪೋಷಕರೂ ಪ್ರಶ್ನಿಸಲಿಲ್ಲ. ಮಕ್ಕಳ ಫೋಟೊ ಒಂದು ವಾರ ತಪ್ಪಿದಾಗ ಸಂಪಾದಕನಿಗೆ ನಲವತ್ತು ಇಮೇಲ್ ಹೋಗಿದ್ದವು.

"ಕೆಳಗಡೆ ಬರ್ದಿರೋದು ಓದಿದ್ಯಾ?"

"ಅದೇನೋ ಸ್ಕೂಲು ಅಪ್‌ಗ್ರೇಡ್ ಮಾಡ್ತಾರಂತೆ, ಅಲ್ವಾ?"

ರಂಜನಿ ನಾಲ್ಕನೇ ಪ್ಯಾರಾದ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದಳು: ಇವತ್ತು ಸಂಜೆ ಮಂಡಳಿ ಒಪ್ಪಿದರೆ, ಜೂನ್ ನಂತರ ಹೆರನ್‌ಫೀಲ್ಡ್ ಆವರಣ 'ಸಮುದಾಯ ಕೇಂದ್ರವಾಗಿ ಅರಳಲಿದೆ', ಮಕ್ಕಳು 'ನೆರೆಯ ಶಾಲೆಗಳಲ್ಲಿ ಹೊಸ ಅವಕಾಶ ಪಡೆಯಲಿದ್ದಾರೆ'.

"ಅಂದ್ರೆ?"

"ಅಂದ್ರೆ ಸ್ಕೂಲು ಮುಚ್ತಾರೆ. ಲ್ಯಾಮಿನೇಟ್ ಮಾಡ್ಸು, ಬಾಳಿಕೆ ಬರುತ್ತೆ."

ಇಂದು ಪತ್ರಿಕೆ ಎಳೆದುಕೊಂಡು ಆ ಪ್ಯಾರಾವನ್ನು ತಾನೇ ಓದಿದಳು. ಉಗ್ಗುತ್ತಿದ್ದ ಕುಶಲ್ ತರಗತಿಯಲ್ಲಿ ಬಾಯಿ ತೆರೆಯಲು ಎರಡು ವರ್ಷ ಬೇಕಾಗಿತ್ತು. ಅವನ ಮಾತು ಬಿಡಿಸಿದ್ದು ಆ ಶಾಲೆಯ ಸ್ಪೀಚ್ ಟೀಚರ್.

"ಆ ಮಿಸ್ ಇಲ್ದಿದ್ರೆ ಅವ್ನು ಮತ್ತೆ ಮಾತು ನಿಲ್ಲಿಸ್ಬಿಡ್ತಾನೆ ಅಕ್ಕಾ. ನೀವೊಂದು ಆರ್ಟಿಕಲ್ ಬರೀರಿ."

"ಎಲ್ಲಿ ಬರೀಲಿ? ಬಲೂನಿನ ಮೇಲಾ? ನಡಿ, ಆರು ಗಂಟೆಗೆ ಮೀಟಿಂಗು."

ಸಭಾಂಗಣದಲ್ಲಿ ಪತ್ರಕರ್ತರ ಮೇಜು ಇನ್ನೂ ಇತ್ತು. ಅದರ ಮೇಲೆ ಕಾಫಿ ಫ್ಲಾಸ್ಕು, ಡೋನಟ್ ಡಬ್ಬಿ. ಪೋಷಕರು ಒಟ್ಟು ಐದು ಜನ.

ಮಾತಿಗೆ ಒಬ್ಬರಿಗೆ ಒಂದು ನಿಮಿಷ. ಇಂದು ಏಳುವ ಮೊದಲೇ ಶಾಲೆಗಳ ಮುಖ್ಯಾಧಿಕಾರಿ ಸೂಪರಿಂಟೆಂಡೆಂಟ್ ಪರದೆಯ ಮೇಲೆ ಪತ್ರಿಕೆಯ ಪುಟ ತೋರಿಸಿ, ಯೋಜನೆಗೆ ಪೋಷಕರ ಬೆಂಬಲ ಇದೆ ಎಂದ. ಅದರ ಕೆಳಗೆ, ವೆಬ್‌ಸೈಟಿನಲ್ಲಿ ಅಂದು ಬೆಳಿಗ್ಗೆ ಬಂದ ಮೊದಲ ಪ್ರತಿಕ್ರಿಯೆ: 'ಹೆಮ್ಮೆಯ ದಿನ! ಮಂಡಳಿಗೆ ಧನ್ಯವಾದ. — ಕುಶಲ್‌ನ ತಾಯಿ ಇಂದು.'

ಮೈಕಿನ ಮುಂದೆ ಇಂದು, ಸುದ್ದಿ ಓದದೆ ಹಾಗೆ ಬರೆದೆ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡಳು. ಸ್ಪೀಚ್ ಟೀಚರ್ ವಿಷಯಕ್ಕೆ ಬರುವಷ್ಟರಲ್ಲಿ ನಿಮಿಷ ಮುಗಿದಿತ್ತು. ಮಂಡಳಿಯ ಅಧ್ಯಕ್ಷೆ ಅವಳ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದಳು. ಶಾಲೆ ಮುಚ್ಚುವ ಪರ ಮಂಡಳಿಯ ಮತ ಐದಕ್ಕೆ ಸೊನ್ನೆ. ರಂಜನಿ ಅಭ್ಯಾಸದಂತೆ ಸಮಯ ಬರೆದುಕೊಂಡಳು: ಆರು ನಲವತ್ತೊಂದು.

ಮುಂದಿನ ಗುರುವಾರ ಆರನೇ ಪುಟದಲ್ಲಿ ಮೈಕ್ ಹಿಡಿದ ಇಂದುವಿನ ಫೋಟೊ ಬಂತು. ಕಳಿಸಿದ್ದು ಮಂಡಳಿ. ಅಡಿಬರಹ: 'ಹೊಸ ಹಾದಿಗೆ ಪೋಷಕರ ದನಿ'. ಅವಳು ಹೇಳಿದ್ದೇನು ಎಂಬುದು ಎಲ್ಲೂ ಇರಲಿಲ್ಲ.

ಈ ಸಲ ಇಂದು ಬರಿಗೈಯಲ್ಲಿ ಬಂದಳು.

"ಅಮ್ಮ ಫೋನ್ ಮಾಡಿದ್ರು ಅಕ್ಕಾ. ಆನ್‌ಲೈನ್ ನೋಡಿದ್ರಂತೆ."

"ಏನಂದ್ರು?"

"ಫೋಟೊ ಚೆನ್ನಾಗಿದೆಯಂತೆ. ಸ್ವಲ್ಪ ನಗಬೇಕಿತ್ತಂತೆ."